ಟೆನ್ಷನ್ ಮಾಡ್ಕೊಂಡ್ರೆ ಮಗುವಿಗೆ ತಟ್ಟುತ್ತಾ?

38ಕ್ಕೋ 40ಕ್ಕೋ ಬಸುರಿಯಾದರೆ ತಾಯಿ ಕಾರ್ಡಿನ ಮೇಲೆ ಕೆಂಪು ಸ್ಟಿಕ್ಕರ್ ಬೀಳುವುದುಂಟು. ಹೈ ರಿಸ್ಕ್ ಅಂತ ಗುರುತು. ನೋಡಿದ ಕೂಡಲೇ ಎದೆ ಧಸಕ್ ಅನ್ನುತ್ತದೆ. ಅಷ್ಟರಲ್ಲಿ ನೋಡಲು ಬಂದ ದೊಡ್ಡಮ್ಮ ಒಂದು ಮಾತು ಸೇರಿಸುತ್ತಾರೆ: "ಟೆನ್ಷನ್ ಮಾಡ್ಕೋಬೇಡ ಕಣೇ, ಮಗೂಗೆ ತಟ್ಟುತ್ತೆ."

ಮುಗೀತು. ಅಲ್ಲಿವರೆಗೆ ಇದ್ದದ್ದು ಬಿಪಿ, ಶುಗರ್, ಸ್ಕ್ಯಾನಿನ ಚಿಂತೆ. ಈಗ ಚಿಂತೆ ಮಾಡ್ತಿದ್ದೀನಲ್ಲಾ ಎಂಬ ಚಿಂತೆ ಬೇರೆ. ಗ್ರಹಣದ ದಿನ ಹೊರಗೆ ಬರಬೇಡ ಎನ್ನುವವರ ಮಾತಿಗೆ ನಕ್ಕು ಸುಮ್ಮನಾಗಬಹುದು. ಈ ಮಾತು ವಿಜ್ಞಾನದ ವೇಷ ಹಾಕಿಕೊಂಡು ಬರುತ್ತದೆ. ಅದಕ್ಕೇ ನನಗೆ ಇದರ ಮೇಲೆ ಸಿಟ್ಟು ಜಾಸ್ತಿ.

ಹೆದರಿದಾಗ ತಾಯಿಯ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರುವುದು ನಿಜ. ಆದರೆ ನೆಮ್ಮದಿಯಾಗಿರುವ ಬಸುರಿಯಲ್ಲೂ ಕೊನೆಯ ತಿಂಗಳುಗಳಲ್ಲಿ ಅದು ಎರಡು ಮೂರು ಪಟ್ಟು ಏರುತ್ತದೆ! ಅದಷ್ಟೂ ಮಗುವಿಗೆ ಹೋಗುವ ಹಾಗಿದ್ದರೆ ಯಾವ ಮಗುವೂ ಸರಿಯಾಗಿ ಬೆಳೆಯುತ್ತಿರಲಿಲ್ಲ. ನಡುವೆ ಮಾಸು (ಪ್ಲಾಸೆಂಟಾ) ಇದೆ. ಅದರಲ್ಲಿ 11-ಬೀಟಾ-ಎಚ್‌ಎಸ್‌ಡಿ-2 ಎಂಬ, ಬಾಯಿಗೆ ಸಿಗದ ಹೆಸರಿನ ಕಿಣ್ವವಿದೆ. ಅದು ಕಾರ್ಟಿಸಾಲ್‌ನಿಂದ ಎರಡು ಹೈಡ್ರೋಜನ್ ಪರಮಾಣುಗಳನ್ನು ಕಿತ್ತುಕೊಳ್ಳುತ್ತದೆ, ಅಷ್ಟೇ. ಬೀಗದ ಕೈಯ ಒಂದು ಹಲ್ಲು ಉಜ್ಜಿ ಹಾಕಿದ ಹಾಗೆ. ಕಾರ್ಟಿಸಾಲ್ ಹೋಗಿ ಕಾರ್ಟಿಸೋನ್ ಆಯಿತು. ನೋಡಲು ಅದೇ ಕೈ, ಬೀಗ ಮಾತ್ರ ತೆಗೆಯುವುದಿಲ್ಲ. ಒಂದಿಷ್ಟು ನುಸುಳುತ್ತದೆ, ಬಹುಪಾಲು ಅಲ್ಲೇ ಸೋಲುತ್ತದೆ.

ತಮಾಷೆ ಅಂದರೆ, ಈ ಕಿಣ್ವವನ್ನು ಕಟ್ಟಿಹಾಕುವ ವಸ್ತು ನಮ್ಮ ಕಷಾಯದ ಡಬ್ಬಿಯಲ್ಲೇ ಇದೆ: ಜ್ಯೇಷ್ಠಮಧು. ಅದನ್ನು ಜಾಸ್ತಿ ತಿಂದರೆ ಬಿಪಿಯೂ ಏರುತ್ತದೆ. ಫಿನ್ಲೆಂಡಿನಲ್ಲಿ ಅದರ ಮಿಠಾಯಿ ತಿನ್ನುವ ಚಟ ಬಹಳ. ಅಲ್ಲಿ ಬಸುರಿಯರಿಗೆ ಅದನ್ನು ಹೆಚ್ಚು ತಿನ್ನಬೇಡಿ ಎಂದು ಸರ್ಕಾರವೇ ಹೇಳುತ್ತದೆ. ಟೆನ್ಷನ್ ಬೇಡ ಎನ್ನುವ ಅದೇ ದೊಡ್ಡಮ್ಮ ಕೆಮ್ಮಿಗೆ ಇದನ್ನೇ ಅರೆದು ಕೊಡುತ್ತಾರೆ, ಅಲ್ವಾ?

ಕಾರ್ಟಿಸಾಲ್ ಬರೀ ಖಳನಾಯಕನೂ ಅಲ್ಲ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಗ್ರಹಾಂ ಲಿಗ್ಗಿನ್ಸ್ ಎಂಬ ವೈದ್ಯ ಕುರಿಗಳ ಮೇಲೆ ಪ್ರಯೋಗ ಮಾಡುತ್ತಿದ್ದಾಗ, ಉಸಿರಾಡಲಾಗದಷ್ಟು ಬೇಗ ಹುಟ್ಟಿದ ಮರಿ ಉಸಿರಾಡುತ್ತಿತ್ತು. ಅದಕ್ಕೆ ಕೊಟ್ಟಿದ್ದ, ಕಾರ್ಟಿಸಾಲ್ ಜಾತಿಯ ಸ್ಟಿರಾಯ್ಡ್ ಶ್ವಾಸಕೋಶವನ್ನು ಬಲಿಸಿತ್ತು. 1972ರಲ್ಲಿ ಲಿಗ್ಗಿನ್ಸ್ ಮತ್ತು ರಾಸ್ ಹೋವಿ ಬಸುರಿಯರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು ಅನ್ನಿಸಿದಾಗ ಇವತ್ತು ಡಾಕ್ಟರು ತಾಯಿಗೆ ಕೊಡುವ ಡೆಕ್ಸಾಮೆಥಾಸೋನ್ ಅಥವಾ ಬೀಟಾಮೆಥಾಸೋನ್ ಇಂಜೆಕ್ಷನ್ ಅಲ್ಲಿಂದ ಬಂದದ್ದು. ಇವನ್ನೇ ಯಾಕೆ ಕೊಡುತ್ತಾರೆ ಗೊತ್ತಾ? ಮಾಸಿನ ಕಿಣ್ವದ ಕೈಗೆ ಇವು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಇನ್ನು ವಯಸ್ಸಿನ ಮಾತು. 35 ದಾಟಿದರೆ ರಿಸ್ಕ್ ಎಂಬ ಗೆರೆ ಎಳೆದದ್ದು 1970ರ ದಶಕದಲ್ಲಿ. ಗರ್ಭದ ನೀರು ತೆಗೆದು ಪರೀಕ್ಷಿಸಿದರೆ ಗರ್ಭಪಾತವಾಗುವ ಅಪಾಯವೂ, ಮಗುವಿಗೆ ಕ್ರೋಮೋಸೋಮ್ ತೊಂದರೆ ಇರುವ ಸಾಧ್ಯತೆಯೂ ಆಗಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ ಸಮವಾಗುತ್ತಿದ್ದ ವಯಸ್ಸು ಅದು. ಆ ಹುಟ್ಟುಹಬ್ಬದ ದಿನ ದೇಹದಲ್ಲಿ ಏನೂ ಮುರಿದು ಬೀಳುವುದಿಲ್ಲ. 40ರ ತಾಯಿಗೆ, ಇಂಥ ಕ್ರೋಮೋಸೋಮ್ ತೊಂದರೆಗಳಲ್ಲಿ ಒಂದಾದ ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಾಧ್ಯತೆ ಸುಮಾರು 100ರಲ್ಲಿ 1. "ಹೈ ರಿಸ್ಕ್" ಅಂದಾಗ ಡಾಕ್ಟರನ್ನು ಇದನ್ನೇ ಕೇಳಿ: ಯಾವುದರ ರಿಸ್ಕು, ಎಷ್ಟರಲ್ಲಿ ಎಷ್ಟು, ಯಾವ ವಾರ ಏನು ನೋಡ್ತೀರಿ? ಚೀಟಿಯಲ್ಲಿ ಬರೆದುಕೊಂಡು ಹೋಗಿ, ಒಳಗೆ ಹೋದ ಮೇಲೆ ಮರೆತುಹೋಗುತ್ತದೆ.

ಹಾಗಂತ ಎಲ್ಲ ಆತಂಕವನ್ನೂ ಕಿಣ್ವದ ತಲೆಗೆ ಕಟ್ಟಬೇಡಿ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಎದೆ ಡವಡವ ಅನ್ನುವುದು ನಿಲ್ಲುತ್ತಿಲ್ಲ ಎಂದರೆ ಅದು ಚಿಕಿತ್ಸೆ ಬೇಡುವ ಕಾಯಿಲೆ. ತೀವ್ರ ಆತಂಕಕ್ಕೂ ದಿನ ತುಂಬದ ಹೆರಿಗೆಗೂ ನಂಟಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮೊದಲಿಂದಲೂ ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಬಸುರಿ ಎಂದು ಗೊತ್ತಾದ ಕೂಡಲೇ ತಾವಾಗಿಯೇ ನಿಲ್ಲಿಸಬೇಡಿ. ಮುಂದುವರಿಸುವುದೋ ಬದಲಿಸುವುದೋ ಡಾಕ್ಟರು ಹೇಳುತ್ತಾರೆ.