ಯಾವ ತಿಂಗಳಿಗೆ ಯಾವ ಕಾದಂಬರಿ?

ಪ್ರಶ್ನೆ: ನಾನು ಶಿರಸಿ ಸಮೀಪದ ಹಳ್ಳಿಯವಳು. ನಮ್ಮದು ಅಡಿಕೆ ತೋಟದ ಮನೆ. ಪ್ರತಿವರ್ಷ ಜನವರಿಯಲ್ಲಿ ತಿಂಗಳಿಗೆ ಎರಡರಂತೆ 24 ಕಾದಂಬರಿಗಳ ಪಟ್ಟಿ ಬರೆದುಕೊಳ್ಳುತ್ತೇನೆ. ಯುಗಾದಿಯ ಹೊತ್ತಿಗೆ ಪಟ್ಟಿ ಎಲ್ಲೋ, ನಾನೆಲ್ಲೋ ಆಗಿರುತ್ತದೆ. ಓದುವ ಆಸೆ ಮಾತ್ರ ಕಡಿಮೆಯಾಗಿಲ್ಲ. ಯಾವ ತಿಂಗಳು ಯಾವ ಕಾದಂಬರಿ ಓದಬೇಕು ಎಂಬುದನ್ನು ಹೇಗೆ ಗೊತ್ತುಮಾಡಿಕೊಳ್ಳಬೇಕು?

ಉತ್ತರ: ಇದೇ ಪ್ರಶ್ನೆಯನ್ನು ಕಾರವಾರದಿಂದ ಭಟ್ಕಳದವರೆಗಿನ ಓದುಗರು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇರುತ್ತಾರೆ. ಹೆಚ್ಚಿನವರು ತಮ್ಮಲ್ಲಿ ಶಿಸ್ತು ಸಾಲದು ಎಂದು ತಮ್ಮನ್ನೇ ದೂರಿಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ದೋಷವಿರುವುದು ಪಟ್ಟಿ ಹುಟ್ಟುವ ತಿಂಗಳಲ್ಲಿ. ತೋಟದ ಮನೆಗೆ ಜನವರಿ ಎಂದರೆ ಅಡಿಕೆಯ ಕಾಲ. ಕೊನೆ ಇಳಿಸುವುದು, ಕೆಂಪಡಿಕೆ ಮಾಡುವವರಾದರೆ ರಾತ್ರಿಯವರೆಗೆ ಕುಳಿತು ಸುಲಿಯುವುದು, ಬೇಯಿಸುವುದು, ಚಾಲಿ ಮಾಡುವವರಾದರೆ ಅಂಗಳದಲ್ಲಿ ಹರವಿ ಕಾಯುವುದು, ಇವುಗಳ ಜೊತೆಗೆ ಕೆಲಸಕ್ಕೆ ಬಂದವರ ಊಟ, ಆಸರಿಗೆ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಮನೆಯ ಹೆಂಗಸರಿಗೆ ಬಿಡುವೆಂಬುದು ಸಿಕ್ಕುವುದೇ ಅಪರೂಪ. ವರ್ಷದ ಅತ್ಯಂತ ಇಕ್ಕಟ್ಟಿನ ತಿಂಗಳಲ್ಲಿ ಎರಡು ಕಾದಂಬರಿಗಳ ಹೊರೆ ಹೊತ್ತು ಹೊರಟ ಪಟ್ಟಿ ಯುಗಾದಿಯವರೆಗೆ ಬಾಳಿದರೆ ಅದೇ ಹೆಚ್ಚು.

ಆದ್ದರಿಂದ ನಿಮ್ಮ ಓದಿನ ವರ್ಷವನ್ನು ಜೂನ್‌ನಿಂದ ಆರಂಭಿಸಿ ಎಂಬುದು ನನ್ನ ಮೊದಲ ಸಲಹೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ; ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಘಟ್ಟದ ಮೇಲೂ ಆ ತಿಂಗಳುಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನಗಳನ್ನು ಬಿಟ್ಟರೆ ಹೊರಗಿನ ಓಡಾಟ ಕಡಿಮೆ, ನೆಂಟರಿಷ್ಟರ ಬರವು ಕಡಿಮೆ, ಮದುವೆ ಮುಂಜಿಗಳೂ ಕಡಿಮೆ. ಮಳೆಗಾಲಕ್ಕೆಂದು ಮೇ ತಿಂಗಳಲ್ಲೇ ಕಟ್ಟಿಗೆ, ಹಪ್ಪಳ, ಸಂಡಿಗೆಗಳನ್ನು ಕೂಡಿಡುವ ಮನೆಗಳಲ್ಲಿ ಅದೇ ಸಾಲಿನಲ್ಲಿ ಪುಸ್ತಕವನ್ನೂ ಕೂಡಿಟ್ಟುಕೊಳ್ಳುವುದು ಕಷ್ಟವಲ್ಲ.

ಎರಡನೆಯ ಮಾತು ಎಣಿಕೆಯದು. ಪುಸ್ತಕಗಳನ್ನು ಎಣಿಸುವ ಬದಲು ಪುಟಗಳನ್ನು ಎಣಿಸಿ. ಕಾದಂಬರಿಯೆಂಬ ಒಂದೇ ಹೆಸರಿನಡಿ ನೂರು ಪುಟದ ಕೃತಿಯೂ ಇದೆ, ಏಳುನೂರು ಪುಟದ್ದೂ ಇದೆ. ‘ತಿಂಗಳಿಗೆ ಎರಡು’ ಎಂಬ ಲೆಕ್ಕ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತದೆ. ಮೂರು ಸಂಜೆ ಅರ್ಧ ಗಂಟೆಯಂತೆ ನಿಮ್ಮ ಸಹಜ ವೇಗದಲ್ಲಿ ಓದಿ, ಎಷ್ಟು ಪುಟವಾಯಿತೆಂದು ನೋಡಿಕೊಳ್ಳಿ. ಉದಾಹರಣೆಗೆ, ದಿನಕ್ಕೆ 12 ಪುಟ ಎಂದಿಟ್ಟುಕೊಳ್ಳೋಣ. ಮಳೆಗಾಲದ ತಿಂಗಳಲ್ಲಿ 20 ದಿನ ಓದಲಾದರೆ 240 ಪುಟ. ಕೊಯ್ಲಿನ ತಿಂಗಳಲ್ಲಿ ಎಂಟು ದಿನ ಸಿಕ್ಕರೆ ನೂರಕ್ಕೆ ತುಸು ಕಡಿಮೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಐದು ತಿಂಗಳಿಗೆ 1200 ಪುಟ, ಕೊಯ್ಲಿನ ನಾಲ್ಕು ತಿಂಗಳಿಗೆ ಹೆಚ್ಚುಕಡಿಮೆ 400, ಮಾರ್ಚ್‌ಗೆ 200, ಏಪ್ರಿಲ್ ಮತ್ತು ಮೇ ಸೇರಿ ಇನ್ನೊಂದು 200 ಎಂದರೂ ವರ್ಷಕ್ಕೆ 2000 ಪುಟಗಳಾದವು. ಸರಾಸರಿ 250 ಪುಟವೆಂದು ಹಿಡಿದರೆ ನಿಮ್ಮ 24 ಕಾದಂಬರಿಗಳಿಗೆ 6000 ಪುಟ ಬೇಕಾಗುತ್ತದೆ. ಇರುವ ಸಮಯಕ್ಕಿಂತ ಮೂರು ಪಟ್ಟು ಕೇಳುವ ಪಟ್ಟಿಯನ್ನು ಯಾವ ಶಿಸ್ತೂ ನಡೆಸಿಕೊಡಲಾರದು. ಎಂಟೋ ಒಂಬತ್ತೋ ಕಾದಂಬರಿ ಎಂದು ಒಪ್ಪಿಕೊಂಡರೆ ಯಾವುವು ಎಂದು ಆರಿಸುವ ಕೆಲಸಕ್ಕೆ ಅರ್ಥ ಬರುತ್ತದೆ.

ಆ ಎಂಟೊಂಬತ್ತರಲ್ಲಿ ಒಂದೇ ಒಂದು ದೊಡ್ಡ ಕಾದಂಬರಿ ಇರಲಿ. ಜೂನ್, ಜುಲೈ, ಆಗಸ್ಟ್ ಮೂರನ್ನೂ ಅದಕ್ಕೆ ಬಿಟ್ಟುಕೊಡಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಪ್ರಕಟವಾದದ್ದು; ಮುದ್ರಣದಿಂದ ಮುದ್ರಣಕ್ಕೆ ಪುಟಸಂಖ್ಯೆ ಬದಲಾದರೂ ಏಳುನೂರರ ಆಸುಪಾಸಿನ ಗ್ರಂಥವೆಂದೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಿನಕ್ಕೆ 12 ಪುಟದಂತೆ ಸರಿಯಾಗಿ ಮೂರು ತಿಂಗಳು. ಅದರಲ್ಲಿ ಒಬ್ಬ ನಾಯಕ, ಒಬ್ಬಳು ನಾಯಕಿ ಎಂದು ಬೆರಳು ಮಾಡಿ ತೋರಿಸುವಂತಿಲ್ಲ; ಒಡೆಯರು, ಒಕ್ಕಲುಗಳು, ಹೊಲೆಯರು, ಬೇಲರು, ನಾಯಿಯೂ ಸೇರಿದಂತೆ ಹತ್ತಾರು ಜೀವಗಳು ಮಲೆನಾಡಿನ ಕಾಡಿನ ನಡುವೆ ಒಂದನ್ನೊಂದು ಹಾದುಹೋಗುತ್ತಿರುತ್ತವೆ. ಇಂಥ ಕೃತಿಯನ್ನು ಹದಿನೈದು ದಿನ ಬಿಟ್ಟು ಮತ್ತೆ ಕೈಗೆತ್ತಿಕೊಂಡರೆ ಯಾರು ಯಾರಿಗೆ ಏನಾಗಬೇಕು ಎಂಬುದೇ ಮರೆತಿರುತ್ತದೆ. ನಾನು ಇದನ್ನು ಮೊದಲ ಸಲ ಹಿಡಿದದ್ದು ಒಂದು ಏಪ್ರಿಲ್‌ನಲ್ಲಿ. ಮನೆಯಲ್ಲಿ ಮದುವೆಯ ಓಡಾಟವಿದ್ದುದರಿಂದ ನೂರು ಪುಟ ದಾಟುವಷ್ಟರಲ್ಲಿ ಕೈಬಿಟ್ಟೆ, ಪುಸ್ತಕ ನನಗಲ್ಲವೆಂದು ತೀರ್ಮಾನಿಸಿದೆ. ಮೂರು ವರ್ಷದ ಮೇಲೆ ಒಂದು ಆಷಾಢದಲ್ಲಿ ಮೊದಲಿಂದ ಹಿಡಿದು ಓದಿದಾಗ ಅದೇ ಪುಸ್ತಕ ನನ್ನನ್ನು ಬಿಡಲಿಲ್ಲ. ಪುಸ್ತಕವೂ ಬದಲಾಗಿರಲಿಲ್ಲ, ನಾನೂ ಅಷ್ಟೇನೂ ಬದಲಾಗಿರಲಿಲ್ಲ. ಹೊರಗೆ ಮಳೆ ಹಿಡಿದಿತ್ತು, ದಿನಕ್ಕೊಂದು ಗಂಟೆ ನನ್ನದಾಗಿತ್ತು, ಅಷ್ಟೇ ವ್ಯತ್ಯಾಸ. ಪಾತ್ರಗಳ ಹೆಸರು, ಮನೆ, ಸಂಬಂಧಗಳನ್ನು ಒಂದು ಹಾಳೆಯಲ್ಲಿ ಬರೆದು ಪುಸ್ತಕದೊಳಗೇ ಇಟ್ಟುಕೊಂಡರೆ ಓದು ಹಗುರಾಗುತ್ತದೆ.

ಮೂರು ತಿಂಗಳು ಒಂದೇ ಪುಸ್ತಕವೇ ಎಂದು ಕೆಲವರು ಹಿಂಜರಿಯುತ್ತಾರೆ. ಹಿಂದಿನ ತಲೆಮಾರಿನವರು ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ಕಾದಂಬರಿಗಳನ್ನು ವಾರಕ್ಕೊಂದು ಕಂತಿನಂತೆ ತಿಂಗಳುಗಟ್ಟಲೆ ಓದಿದವರು. ಮುಂದಿನ ಕಂತು ಬರುವ ತನಕ ಕಟ್ಟೆಯ ಮೇಲೆ ಕುಳಿತು ಆ ಪಾತ್ರಗಳ ಭವಿಷ್ಯ ಚರ್ಚಿಸುತ್ತಿದ್ದವರು. ಕನ್ನಡ ಕಾದಂಬರಿಗೂ ಕನ್ನಡ ಓದುಗರಿಗೂ ನಿಧಾನದ ಓದು ಹೊಸತಲ್ಲ.

ದೊಡ್ಡ ಕೃತಿ ಇಷ್ಟವಿಲ್ಲದವರು ಅದೇ ಮೂರು ತಿಂಗಳಲ್ಲಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಬಹುದು. ಕೋಟದ ಬಳಿಯ ಕಡಲಂಚಿನಲ್ಲಿ ಮೂರು ತಲೆಮಾರುಗಳು ಬದುಕುವ ಬಗೆಯನ್ನು ಅದು ಹೇಳುತ್ತದೆ. ಮಳೆ, ಗದ್ದೆ, ಹೊಳೆ, ಕಡಲು, ಹೆಂಗಸರ ದುಡಿಮೆ ಇವೆಲ್ಲ ನಮ್ಮ ಕುಮಟಾ, ಹೊನ್ನಾವರದ ಓದುಗರಿಗೆ ವಿವರಣೆ ಬೇಡದಷ್ಟು ಪರಿಚಿತ. ಕಡಲಿನವರು ಇದನ್ನು ಮಳೆಗಾಲದಲ್ಲೇ ಓದಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕಡಲು ಮೊರೆಯುವ ಸದ್ದು ಮನೆಯೊಳಗೆ ಕೇಳುತ್ತಿರುವಾಗ ಆ ಕೃತಿಯ ಪುಟಗಳಿಗೆ ಬರುವ ಕಸುವು ಬೇಸಿಗೆಯಲ್ಲಿ ಬರುವುದಿಲ್ಲ.

ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ನಡುವಳತೆಯ ಕಾದಂಬರಿ ಬರಲಿ. ಇಲ್ಲಿ ಆಯ್ಕೆಗೆ ನಾನು ಅನುಸರಿಸುವ ಕ್ರಮವೆಂದರೆ, ಹಿಂದೆ ಓದಿದ್ದು ಎಲ್ಲಿ ಬಿಟ್ಟಿತೋ ಅಲ್ಲಿಂದ ಮುಂದುವರಿಯುವ, ಆದರೆ ಬೇರೆ ಜಗತ್ತಿಗೆ ಕರೆದೊಯ್ಯುವ ಕೃತಿಯನ್ನು ಹುಡುಕುವುದು. ಮೂರು ತಿಂಗಳು ಮಣ್ಣು, ಮಳೆ, ಕಾಡುಗಳಲ್ಲಿದ್ದ ಮನಸ್ಸಿಗೆ ಮತ್ತೊಂದು ಹಳ್ಳಿಯ ಕಾದಂಬರಿಯನ್ನು ಕೊಟ್ಟರೆ ಎರಡೂ ಒಂದರೊಳಗೊಂದು ಕಲಸಿಹೋಗುತ್ತವೆ. ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಇಲ್ಲಿ ಸೂಚಿಸುತ್ತೇನೆ. ಕುಮಟಾ ತಾಲ್ಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಚಿತ್ತಾಲರು ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡವರು. ಪ್ಲಾಸ್ಟಿಕ್ ಮತ್ತು ರಾಳಗಳ ಉದ್ಯಮದಲ್ಲಿ ದುಡಿದವರು. 1979ರ ಈ ಕಾದಂಬರಿಯ ನಾಗಪ್ಪನೂ ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಗೇರಿದವನು, ಇದ್ದಕ್ಕಿದ್ದಂತೆ ಕೆಲಸದಿಂದ ದೂರವಿಡಲ್ಪಟ್ಟು, ತನ್ನನ್ನು ಬೇಟೆಯಾಡುತ್ತಿರುವವರು ಯಾರೆಂದು ಹುಡುಕುತ್ತ ತನ್ನ ಭೂತಕಾಲವನ್ನೆಲ್ಲ ಕೆದಕಿಕೊಳ್ಳುತ್ತಾನೆ. ಊರು ಬಿಟ್ಟು ಮುಂಬಯಿಗೆ ಹೋದ ಒಬ್ಬ ದಾಯಾದಿಯಾದರೂ ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಕಡಿಮೆ. ‘ಮರಳಿ ಮಣ್ಣಿಗೆ’ಯ ಬೆನ್ನಿಗೇ ‘ಶಿಕಾರಿ’ಯನ್ನು ಓದಿದವರಿಗೆ ಊರು ಬಿಟ್ಟವರ ಕತೆಯ ಎರಡು ತುದಿಗಳು ಒಟ್ಟಿಗೆ ಸಿಕ್ಕುತ್ತವೆ. ಚಿತ್ತಾಲರು ಹಿಡಿಸಿದರೆ ಅಕ್ಟೋಬರ್‌ನಲ್ಲಿ ಅವರ ಮೊದಲ ಕಾದಂಬರಿ, 1964ರ ‘ಮೂರು ದಾರಿಗಳು’. ಹಿಡಿಸದಿದ್ದರೆ ಹಳಿಯಾಳದಲ್ಲಿ ಹುಟ್ಟಿದ ಶಾಂತಿನಾಥ ದೇಸಾಯಿಯವರ ‘ಓಂ ಣಮೋ’. ಅದಕ್ಕೆ 2000ದ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಲೇಖಕರು ತೀರಿಕೊಂಡ ಮೇಲೆ ಬಂತು.

ಇನ್ನು ಕೊಯ್ಲಿನ ತಿಂಗಳುಗಳು. ಈ ಕಾಲಕ್ಕೆ ಚಿಕ್ಕ ಕಾದಂಬರಿಗಳನ್ನೇ ಕಾಯ್ದಿರಿಸಿಡಿ. ಚಿಕ್ಕದೆಂದರೆ ಹಗುರವಾದದ್ದೆಂದು ತಿಳಿಯಬಾರದು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಬಾಲ್ಯದಲ್ಲೇ ವಿಧವೆಯಾದ ಹೆಣ್ಣಿನ ದೀರ್ಘ ಬದುಕನ್ನು ಸಣ್ಣ ಪುಸ್ತಕದಲ್ಲಿ ಹಿಡಿದಿಟ್ಟಿದೆ. ಅದರ ಬೆನ್ನಿಗೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯನ್ನು ಓದಿದರೆ, ಒಂದು ಮಲೆನಾಡಿನ ಬ್ರಾಹ್ಮಣರ ಮನೆ, ಇನ್ನೊಂದು ಕಾಸರಗೋಡಿನ ಕಡೆಯ ಮುಸ್ಲಿಂ ಮನೆ, ಎರಡೂ ಕಡೆ ಹೆಣ್ಣಿನ ಬದುಕನ್ನು ಬೇರೆಯವರು ತೀರ್ಮಾನಿಸುವ ಬಗೆ ಹೇಗೆ ಒಂದನ್ನೊಂದು ಹೋಲುತ್ತದೆ ಎಂಬುದು ಯಾರೂ ಹೇಳಿಕೊಡದೆ ಕಾಣುತ್ತದೆ. ಅಂಕೋಲೆಯವರಾದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನಾಲ್ಕೈದು ಕೂರಿಕೆಗಳಲ್ಲಿ ಮುಗಿಯುತ್ತದೆ, ಆದರೆ ಅದರ ಕೊನೆಯ ಪುಟ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತಾಗಲೂ ತಲೆಯಲ್ಲಿ ಕೊರೆಯುತ್ತಿರುತ್ತದೆ. ನಾ. ಡಿಸೋಜ ಅವರ ‘ದ್ವೀಪ’ದಲ್ಲಿ ಶರಾವತಿಯ ಮುಳುಗಡೆಯ ನೀರು ಏರುತ್ತಿರುವಾಗ ಊರು ಬಿಡದೆ ಉಳಿದ ಕುಟುಂಬವಿದೆ. ಅದೇ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುವುದನ್ನು ದಿನವೂ ನೋಡುವವರು ಈ ಚಿಕ್ಕ ಪುಸ್ತಕವನ್ನು ಓದದೆ ಇರಬಾರದೆಂಬುದು ನನ್ನ ಆಸೆ.

ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುವ ತಿಂಗಳಿಗೆ ಏನನ್ನೂ ಬರೆದುಕೊಳ್ಳಬೇಡಿ. ಮನೆಯಲ್ಲಿ ಶುಭಕಾರ್ಯ ನಿಂತ ತಿಂಗಳಿಗೂ ಹಾಗೆಯೇ. ಖಾಲಿ ಬಿಟ್ಟ ತಿಂಗಳು ಪಟ್ಟಿಯ ಭಾಗವೇ. ಮೊದಲೇ ಬಿಟ್ಟಿದ್ದರೆ ಆಮೇಲೆ ತಪ್ಪಿಹೋಯಿತೆಂಬ ಕೊರಗು ಇರುವುದಿಲ್ಲ.

ಇದು ತೋಟದ ಮನೆಯ ಲೆಕ್ಕ. ಕಾರವಾರ, ಅಂಕೋಲಾ, ಭಟ್ಕಳದ ಮೀನುಗಾರರ ಮನೆಗಳಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲಿರುವ 61 ದಿನಗಳೇ ದೊಡ್ಡ ಪುಸ್ತಕದ ಕಾಲವಾಗಬಹುದು. ಶಾಲೆಯ ಶಿಕ್ಷಕರಿಗೆ ಏಪ್ರಿಲ್, ಮೇ ಬಿಡುವಿನ ತಿಂಗಳುಗಳು, ಜೂನ್ ಇಕ್ಕಟ್ಟಿನದು. ಅವರು ನನ್ನ ಕ್ರಮವನ್ನು ತಿರುಗಿಸಿಕೊಳ್ಳಬೇಕು.

ಓದು ನಡುವೆ ನಿಂತುಹೋದರೆ ಏನು ಮಾಡಬೇಕೆಂದು ನೀವು ಕೇಳಿಲ್ಲವಾದರೂ ಹೇಳಬೇಕು. ಹತ್ತು ದಿನದೊಳಗಿನ ಬಿಡುವಾದರೆ ಕೊನೆಯದಾಗಿ ಓದಿದ ಅಧ್ಯಾಯವನ್ನು ಮತ್ತೊಮ್ಮೆ ಓದಿ ಮುಂದುವರಿಯಿರಿ. ತಿಂಗಳು ದಾಟಿದ್ದರೆ, ಚಿಕ್ಕ ಪುಸ್ತಕವನ್ನು ಮೊದಲಿಂದ ಹಿಡಿಯಿರಿ. ದೊಡ್ಡದನ್ನು ಮುಂದಿನ ಜೂನ್‌ಗೆ ಎತ್ತಿಡಿ, ಆ ತಿಂಗಳು ಬೇರೆ ಚಿಕ್ಕದೊಂದನ್ನು ಓದಿ. ತಪ್ಪಿದ ಪುಟಗಳನ್ನು ಮುಂದಿನ ತಿಂಗಳ ಮೇಲೆ ಹೇರಿದರೆ ಇಡೀ ಪಟ್ಟಿ ಕುಸಿಯುತ್ತದೆ. ನಿಮ್ಮ ಜನವರಿಯ ಪಟ್ಟಿಗೆ ಆದದ್ದೂ ಬಹುಶಃ ಅದೇ.

ಪುಸ್ತಕ ಒದಗಿಸಿಕೊಳ್ಳುವ ವಿಷಯದಲ್ಲಿ, ದೊಡ್ಡದನ್ನು ಕೊಂಡುಕೊಳ್ಳಿ, ಚಿಕ್ಕವನ್ನು ಗ್ರಂಥಾಲಯದಿಂದ ತನ್ನಿ. ಮೂರು ತಿಂಗಳು ಬೇಕಾದ ಪುಸ್ತಕವನ್ನು ವಾಯಿದೆ ತುಂಬಿದಾಗಲೆಲ್ಲ ಮಳೆಯಲ್ಲಿ ಹೊತ್ತು ತಿರುಗುವುದು ಪುಸ್ತಕಕ್ಕೂ ಒಳ್ಳೆಯದಲ್ಲ. ನಿಮ್ಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಬೇಕಾದದ್ದು ಇಲ್ಲದಿದ್ದರೆ ಶಿರಸಿಗೆ ಸಂತೆಗೋ ಸೊಸೈಟಿಯ ಕೆಲಸಕ್ಕೋ ಬಂದಾಗ ಅಲ್ಲಿಯ ಗ್ರಂಥಾಲಯದಲ್ಲಿ ಕೇಳಿ. ಗಾಳಿಮಳೆಗೆ ಕರೆಂಟು ಹೋಗುವ ಊರುಗಳಲ್ಲಿ ಮೊಬೈಲಿನ ಓದನ್ನು ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ, ಜೂನ್‌ನ ಪುಸ್ತಕ ಅಚ್ಚಿನದೇ ಇರಲಿ. ಮಧ್ಯಾಹ್ನದ ಬೆಳಕಿನಲ್ಲಿ ಜಗಲಿಯಲ್ಲಿ ಓದಿಕೊಳ್ಳಬಹುದು. ಮೇ ಕೊನೆಯ ವಾರದೊಳಗೆ ಅದನ್ನು ತಂದು, ಹೊರಗೋಡೆಗೆ ತಾಗಿದ ಗೂಡಿನಲ್ಲಿಡದೆ, ಬೆಚ್ಚಗಿರುವ ಒಳಕೋಣೆಯ ಕಪಾಟಿನಲ್ಲಿ ಗಾಳಿಯಾಡುವಂತೆ ನಿಲ್ಲಿಸಿಡಿ. ಬಿಸಿಲು ಬಿದ್ದ ದಿನ ಪುಟಗಳನ್ನು ಬಿಡಿಸಿ ಸ್ವಲ್ಪ ಹೊತ್ತು ಗಾಳಿಗೆ ಇಟ್ಟರೆ ಬೂಷ್ಟು ಹಿಡಿಯುವುದಿಲ್ಲ.