‘ನೆವರ್’ ಅಂತ ಹಾಕಿದ ಮೇಲೂ ಡಿಸ್ಕ್ ಯಾಕೆ ನಿಲ್ಲುತ್ತೆ?

‘ವಿಂಡೋಸ್‌ನಲ್ಲಿ ನೆವರ್ ಅಂತ ಹಾಕಿದೀನಿ ಸಾರ್. ಆದರೂ ಡಿಸ್ಕ್ ನಿಂತು ನಿಂತು ತಿರುಗುತ್ತೆ.’ ಮೈಸೂರಿನ ನಮ್ಮ ರಿಪೇರಿ ಅಂಗಡಿಯಲ್ಲಿ ಈ ಮಾತು ಕೇಳದ ವಾರವೇ ಇಲ್ಲ. ದಸರಾ ಮುಗಿದು ಮದುವೆಗಳು ಶುರುವಾದರಂತೂ ಫೋಟೋಗ್ರಾಫರ್‌ಗಳದ್ದೇ ಸಾಲು. ಎಲ್ಲರ ಕೈಯಲ್ಲೂ ಒಂದೊಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಎಲ್ಲರದ್ದೂ ಇದೇ ದೂರು.

ಅವರು ಮಾಡಿರುವುದು ಇಷ್ಟು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು, ‘ಟರ್ನ್ ಆಫ್ ಹಾರ್ಡ್ ಡಿಸ್ಕ್ ಆಫ್ಟರ್’ ಅನ್ನುವ ಕಡೆ ಇದ್ದ 20 ನಿಮಿಷವನ್ನು ಸೊನ್ನೆ ಮಾಡಿದ್ದಾರೆ. ಸೊನ್ನೆ ಹಾಕಿದರೆ ಅದೇ ‘ನೆವರ್’ ಆಗುತ್ತೆ. ಮಾಡಿದ್ದು ಸರಿಯಾಗಿಯೇ ಇದೆ. ಆದರೆ ಇದರಿಂದ ನಿಂತದ್ದು ವಿಂಡೋಸ್ ಕೊಡುತ್ತಿದ್ದ ಅಪ್ಪಣೆ ಮಾತ್ರ. ಡಿಸ್ಕನ್ನು ನಿಲ್ಲಿಸುವ ಅಧಿಕಾರ ಇನ್ನೊಬ್ಬರಿಗೂ ಇದೆ.

ಯಾರಿಗೆ ಅಂದರೆ, ಡಿಸ್ಕಿನ ಡಬ್ಬಿಯೊಳಗೆ ಇರುವ ಆ ಚಿಕ್ಕ ಬೋರ್ಡಿಗೆ. ಒಳಗಿನ ಡ್ರೈವ್ ಸಾಟಾ ಭಾಷೆ ಮಾತಾಡುತ್ತೆ, ನಿಮ್ಮ ಕಂಪ್ಯೂಟರ್ ಯುಎಸ್‌ಬಿ ಭಾಷೆ ಮಾತಾಡುತ್ತೆ. ನಡುವೆ ಕೂತು ಮಾತು ದಾಟಿಸುವುದು ಈ ಬೋರ್ಡಿನ ಕೆಲಸ. ಎಷ್ಟೋ ಕಂಪನಿಗಳು ಇದರಲ್ಲೇ ಒಂದು ಗಡುವು ಕೂರಿಸಿರುತ್ತವೆ. ಇಷ್ಟು ನಿಮಿಷ ಯಾರೂ ಏನೂ ಕೇಳದಿದ್ದರೆ ಮೋಟಾರ್ ನಿಲ್ಲಿಸು, ಅಷ್ಟೇ. ನೀವು ವಿಂಡೋಸ್‌ನಲ್ಲಿ ಏನು ಹಾಕಿದ್ದೀರಿ ಅಂತ ಅದು ಕೇಳುವುದಿಲ್ಲ. ಹತ್ತು ಸಲ ‘ನೆವರ್’ ಹಾಕಿ, ವಿಂಡೋಸನ್ನೇ ಹೊಸದಾಗಿ ಹಾಕಿಸಿ, ಕಂಪ್ಯೂಟರನ್ನೇ ಬದಲಾಯಿಸಿ, ಬೋರ್ಡಿನ ಗಡುವು ಬೋರ್ಡಿನಲ್ಲೇ ಇರುತ್ತೆ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ‘ಸರಿ ಸಾರ್, ಅರ್ಥ ಆಯ್ತು’ ಅಂತ ಹೋದವರೇ ಸಂಜೆ ಫೋನ್ ಮಾಡಿ ‘ಲ್ಯಾಪ್‌ಟಾಪಲ್ಲೂ ನೆವರ್ ಹಾಕಿ ನೋಡ್ಲಾ?’ ಅಂತ ಕೇಳುತ್ತಾರೆ.

ಹಾಗಾದರೆ ನಿಲ್ಲಿಸುತ್ತಿರುವುದು ಯಾರು? ಯಾವ ಸಾಫ್ಟ್‌ವೇರೂ ಬೇಡ, ಮೊದಲು ಗಡಿಯಾರ ನೋಡಿ. ಡಿಸ್ಕ್ ಮುಟ್ಟದೆ ಸುಮ್ನೆ ಬಿಡಿ. ಪ್ರತಿ ಸಲವೂ ಹೆಚ್ಚೂಕಡಿಮೆ ಅಷ್ಟೇ ಹೊತ್ತಿಗೆ ಮೆತ್ತಗೆ ನಿಂತರೆ, ಯಾರೋ ಗಡುವು ಇಟ್ಟಿದ್ದಾರೆ ಅಂತ ಅರ್ಥ. ವಿಂಡೋಸ್‌ನದ್ದು ಆಗಲೇ ತೆಗೆದಿದ್ದೀರಿ ಅಂದರೆ ಉಳಿದದ್ದು ಬೋರ್ಡು. ಆದರೆ ಕೆಲಸ ನಡೆಯುತ್ತಿರುವಾಗಲೇ, ಫೈಲ್ ಕಾಪಿ ಆಗುತ್ತಿರುವಾಗಲೇ ನಿಂತರೆ? ಜೊತೆಗೆ ಪೆನ್‌ಡ್ರೈವ್ ಕಿತ್ತಾಗ ಬರುತ್ತಲ್ಲ, ಆ ‘ಟುಣ್ ಟುಣ್’ ಸದ್ದೂ ಕಂಪ್ಯೂಟರ್‌ನಿಂದ ಬಂದರೆ? ಅದು ನಿದ್ದೆಯಲ್ಲ. ಅದು ಬಹುಪಾಲು ಕರೆಂಟಿನ ಕೊರತೆ, ಇಲ್ಲವೇ ಕೇಬಲ್ಲಿನ ಕಾಟ.

ಮಂಡ್ಯದಿಂದ ಬರುವ ಒಬ್ಬ ಫೋಟೋಗ್ರಾಫರ್ ಹುಡುಗ ಇದ್ದಾನೆ. ಮನೆಯಲ್ಲಿ ಕಬ್ಬು, ಭತ್ತ, ಜೊತೆಗೆ ಇವನ ಸ್ಟುಡಿಯೋ. ‘ನೆವರ್‌ಗೇ ಮಡಗಿವ್ನಿ ಕಣಣ್ಣ, ಆದ್ರೂ ನಿಂತೋಯ್ತದೆ. ನಿಂತ್ಕಂಡ್ರೆ ಒಳ್ಳೇದೇ ಅಲ್ವಾ, ಡಿಸ್ಕಿಗೂ ರೆಸ್ಟು?’ ಅಂದ. ಈ ರೆಸ್ಟಿನ ಮಾತು ಕೇಳಿದರೆ ನನಗೆ ತಡೆಯಲ್ಲ. ‘ನಿಮ್ಮ ಗದ್ದೆ ಪಂಪ್‌ಸೆಟ್ಟು ಯಾವಾಗ ಸುಡ್ತದಪ್ಪ? ಒಂದೇ ಸಮ ಓಡುವಾಗಲೋ, ಕರೆಂಟು ಹೋಗಿ ಬಂದು, ಹೋಗಿ ಬಂದು ಮಾಡುವಾಗಲೋ?’ ಅಂತ ಕೇಳಿದೆ. ಅವನು ನಕ್ಕ. ‘ಲೋ ವೋಲ್ಟೇಜಲ್ಲಿ ಮೋಟಾರೇ ಎತ್ತಲ್ಲ ಕಣಣ್ಣ, ಗುಂಯ್ ಅಂತದೆ ಅಷ್ಟೆ’ ಅಂತ ತಾನೇ ಸೇರಿಸಿದ. ನಿಂತು ನಿಂತು ಏಳುವುದೇ ಸವೆತ, ಕರೆಂಟು ಸಾಲದಿದ್ದರೆ ಏಳುವುದೇ ಇಲ್ಲ. ಡಿಸ್ಕಿನ ಈ ಎರಡು ಪಾಠವನ್ನೂ ಅವನೇ ಹೇಳಿಬಿಟ್ಟ.

ಒಳಗಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತೆ. ಸುತ್ತುತ್ತಾ ಇರುವುದಕ್ಕೆ ಹೆಚ್ಚು ಕರೆಂಟು ಬೇಕಿಲ್ಲ. ನಿಂತ ತಟ್ಟೆಯನ್ನು ಆ ವೇಗಕ್ಕೆ ಎತ್ತುವುದೇ ಕಷ್ಟದ ಕೆಲಸ. ಅಂಗೈಯಗಲದ ಎರಡೂವರೆ ಇಂಚಿನ ಡ್ರೈವ್‌ಗೆ ಏಳುವ ಆ ಕ್ಷಣಕ್ಕೆ ಸುಮಾರು ಒಂದು ಆಂಪಿಯರ್ ಬೇಕಾಗಬಹುದು. ಹಳೆಯ ಯುಎಸ್‌ಬಿ 2.0 ಪೋರ್ಟ್ ಲೆಕ್ಕದ ಪ್ರಕಾರ ಕೊಡುವುದು ಅರ್ಧ ಆಂಪಿಯರ್. 3.0 ಪೋರ್ಟ್ ಕೊಡುವುದು 0.9. ಇದರ ಮೇಲೆ ಮೌಸು, ಕೀಬೋರ್ಡು, ಕಾರ್ಡ್ ರೀಡರ್ ಎಲ್ಲ ಚುಚ್ಚಿರುವ ಅಗ್ಗದ ಹಬ್ಬಿಗೆ ಇದನ್ನೂ ಸಿಕ್ಕಿಸಿದರೆ ಎಲ್ಲಿಂದ ಎದ್ದೀತು? ಎದ್ದ ಹಾಗೆ ಮಾಡಿ ಬೀಳುತ್ತೆ, ಮತ್ತೆ ಏಳುತ್ತೆ. ಹಾಗಾಗಿ ಹಬ್ಬು ಬಿಡಿ. ಸಿಪಿಯು ಮುಂಭಾಗದ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ. ಕೇಬಲ್ ಗಿಡ್ಡವಾಗಿರಲಿ. ದೊಡ್ಡ ಮೂರೂವರೆ ಇಂಚಿನ ಡ್ರೈವ್ ಆದರೆ ಅದಕ್ಕೆ 12 ವೋಲ್ಟ್ ಅಡಾಪ್ಟರ್ ಬೇರೆ ಇರುತ್ತೆ. ಅದು ಹಳೆಯದಾಗಿ ಸೋತಿರಬಹುದು. ಇಲ್ಲವೇ ಕಳೆದುಹೋಯಿತು ಅಂತ ವೈಫೈ ಡಬ್ಬಿಯ ಅಡಾಪ್ಟರನ್ನೇ ಸಿಕ್ಕಿಸಿರುತ್ತೀರಿ. ಪಿನ್ನು ಕೂತಿತು ಅಂದರೆ ಸಾಲದು. ವೋಲ್ಟು ಒಂದೇ ಇರಬೇಕು, ಆಂಪಿಯರ್ ಮೊದಲಿನಷ್ಟಾದರೂ ಇರಬೇಕು.

ಇನ್ನು ಬೋರ್ಡಿನ ಗಡುವು. ಕೆಲವು ಕಂಪನಿಗಳು ಅದನ್ನು ಬದಲಾಯಿಸಲು ಬಿಡುತ್ತವೆ. ಡಬ್ಲ್ಯೂಡಿ (ವೆಸ್ಟರ್ನ್ ಡಿಜಿಟಲ್) ಕಂಪನಿಯ ಡ್ರೈವ್ ಯುಟಿಲಿಟೀಸ್ ಸಾಫ್ಟ್‌ವೇರ್‌ನಲ್ಲಿ ಎಷ್ಟೋ ಮಾಡೆಲ್‌ಗಳಿಗೆ ಸ್ಲೀಪ್ ಟೈಮರ್ ಸಿಗುತ್ತೆ. ಲಿನಕ್ಸ್‌ನವರಿಗೆ ಡಿಸ್ಕಿನ ಗಡುವು ಬದಲಾಯಿಸಲು ಎಚ್‌ಡಿಪಾರ್ಮ್ ಅನ್ನುವ ಕಮಾಂಡ್ ಇದೆ. ಅದರಲ್ಲೊಂದು ಗುಂಡಿ ಇದೆ, ಬೀಳಬೇಡಿ. ಮಾನಸಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿಯೊಬ್ಬ ಎರಡು ಗಂಟೆ ಅಂದುಕೊಂಡು 120 ಅಂತ ಹಾಕಿದ್ದ. ಡಿಸ್ಕ್ ಹತ್ತೇ ನಿಮಿಷಕ್ಕೆ ನಿಲ್ಲುತ್ತಿತ್ತು. ಅಲ್ಲಿ 240ರವರೆಗಿನ ಅಂಕಿಗಳು ಐದೈದು ಸೆಕೆಂಡಿನ ಲೆಕ್ಕ. 120 ಅಂದರೆ 600 ಸೆಕೆಂಡು. ಪೂರ್ತಿ ತೆಗೆಯಬೇಕಾದರೆ ಸೊನ್ನೆ. ಅದೂ ಬೋರ್ಡು ಆ ಮಾತನ್ನು ಒಳಗಿನ ಡ್ರೈವ್‌ಗೆ ದಾಟಿಸಿದರೆ ಮಾತ್ರ. ಕೆಲವು ದಾಟಿಸುವುದಿಲ್ಲ. ಮ್ಯಾಕ್‌ನಲ್ಲಿ ಹಾರ್ಡ್ ಡಿಸ್ಕ್ ಮಲಗಿಸುವ ಆಯ್ಕೆ ಎನರ್ಜಿ ಸೆಟ್ಟಿಂಗ್‌ನಲ್ಲಿದೆ, ತೆಗೆಯಿರಿ.

ಯಾವುದಕ್ಕೂ ಜಗ್ಗದ ಡಬ್ಬಿಗೆ ಒಂದು ಉಪಾಯ ಉಂಟು. ಗಡುವಿಗಿಂತ ಮೊದಲೇ, ಎರಡು ಮೂರು ನಿಮಿಷಕ್ಕೊಮ್ಮೆ, ಟಾಸ್ಕ್ ಶೆಡ್ಯೂಲರ್‌ನಿಂದ ಡಿಸ್ಕಿಗೆ ಒಂದು ಪುಟ್ಟ ಟೆಕ್ಸ್ಟ್ ಫೈಲ್ ಬರೆಸುವುದು. ಬರೆಸಬೇಕು, ಓದಿಸಿದರೆ ಸಾಲದು. ಒಮ್ಮೆ ಓದಿದ ಫೈಲನ್ನು ಕಂಪ್ಯೂಟರ್ ತನ್ನ ರ‍್ಯಾಮಿನಲ್ಲಿ ಇಟ್ಟುಕೊಂಡು ಅಲ್ಲಿಂದಲೇ ಉತ್ತರ ಕೊಡುತ್ತೆ, ಡಿಸ್ಕಿನ ತನಕ ಹೋಗುವುದೇ ಇಲ್ಲ. ಕುವೆಂಪುನಗರದ ನಮ್ಮ ಮೇಷ್ಟ್ರ ಸಂಗೀತಕ್ಕೂ ಇದೇ ಅಡ್ಡಿಯಾಗಿತ್ತು. ಅವರ ಡಿಸ್ಕಿನಲ್ಲಿರುವ ಸಂಗೀತ ಕಚೇರಿಗಳ ರೆಕಾರ್ಡಿಂಗ್‌ನಲ್ಲಿ ಆಲಾಪನೆ, ತಾನ, ಪಲ್ಲವಿ ಒಂದೊಂದೂ ಬೇರೆ ಬೇರೆ ಫೈಲು. ಆಲಾಪನೆ ಪೂರ್ತಿ ಮೆಮೊರಿಗೆ ಬಂದ ಮೇಲೆ ಡಿಸ್ಕಿಗೆ ಕೆಲಸವಿಲ್ಲ, ಮಲಗುತ್ತೆ. ತಾನ ಶುರುವಾಗಬೇಕು, ಡಿಸ್ಕ್ ಏಳುವವರೆಗೆ ಮೌನ. ‘ವಿದ್ವಾಂಸರು ನೀರು ಕುಡೀತಿದಾರೆ ಅಂದ್ಕೋತೀನಿ ಬಿಡಪ್ಪ’ ಅಂದರು. ಎಲ್ಲ ಗಿರಾಕಿಗಳೂ ಮೇಷ್ಟ್ರ ಹಾಗೇ ಇದ್ದಿದ್ದರೆ!

ಈ ಉಪಾಯ ಕೆಲಸದ ಹೊತ್ತಿಗೆ ಮಾತ್ರ ಇರಲಿ. ರಾತ್ರಿಯಿಡೀ ಓಡಿಸುವುದರಲ್ಲಿ ಅರ್ಥವಿಲ್ಲ, ಬಿಸಿ ಜಾಸ್ತಿ ಆಗುತ್ತೆ. ಸೋಫಾ ಮೇಲೆ, ಬಟ್ಟೆ ಅಡಿಯಲ್ಲಿ ಇಡಬೇಡಿ. ಕೆಲಸ ಮುಗಿದರೆ ಎಜೆಕ್ಟ್ ಮಾಡಿ, ತಟ್ಟೆ ನಿಲ್ಲುವ ತನಕ ಕಾದು, ಆಮೇಲೆ ಕೇಬಲ್ ಕೀಳಿ. ಕಟಕಟ ಸದ್ದು ಬಂದು ಡಿಸ್ಕ್ ಕಾಣಿಸುವುದೇ ನಿಂತಿದ್ದರೆ ಈ ಅಂಕಣದ ಯಾವ ಮಾತೂ ನಿಮಗಲ್ಲ. ಮತ್ತೆ ಮತ್ತೆ ಆನ್ ಮಾಡಿ ನೋಡದೆ ಡೇಟಾ ರಿಕವರಿ ಗೊತ್ತಿರುವವರಿಗೆ ತೋರಿಸಿ.

ಈಗಾಗಲೇ ಎಷ್ಟು ಸವೆದಿದೆ ಅಂತ ಕೇಳುವವರಿಗೆ, ಡಿಸ್ಕ್ ತಾನೇ ಬರೆದಿಟ್ಟುಕೊಂಡ ಲೆಕ್ಕ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪ್ರೋಗ್ರಾಂ ಸಾಕು. ‘ಸ್ಟಾರ್ಟ್ ಸ್ಟಾಪ್ ಕೌಂಟ್’ ಅಂದರೆ ಮೋಟಾರ್ ನಿಂತು ಎದ್ದ ಲೆಕ್ಕ. ‘ಲೋಡ್ ಅನ್‌ಲೋಡ್ ಸೈಕಲ್ ಕೌಂಟ್’ ಅಂದರೆ ತಟ್ಟೆಯ ಮೇಲೆ ಓದುವ-ಬರೆಯುವ ಹೆಡ್ ಬದಿಗೆ ಸರಿದು ಬಂದ ಲೆಕ್ಕ. ಎರಡೂ ಬೇರೆ. ಎರಡನೆಯದು ಸಾವಿರಗಟ್ಟಲೆ ಕಂಡರೆ ಗಾಬರಿ ಬೇಡ. ಎಷ್ಟೋ ಡ್ರೈವ್‌ಗಳನ್ನು 3 ಲಕ್ಷ, 6 ಲಕ್ಷ ಸಲಕ್ಕೆ ಅಂತಲೇ ಮಾಡಿರುತ್ತಾರೆ. ಅದು ದಾಟಿದ ದಿನವೇ ಕೆಡುತ್ತೆ ಅಂತಲೂ ಅಲ್ಲ, ದಾಟುವ ತನಕ ಭದ್ರ ಅಂತಲೂ ಅಲ್ಲ. ಅಂಕಿಗಳ ನಡುವೆ ಎ, ಬಿ, ಸಿ ಅಕ್ಷರ ಕಂಡರೆ ಅದು ಹೆಕ್ಸ್, ಅಂದರೆ ಹದಿನಾರರ ಲೆಕ್ಕ, ಸೆಟ್ಟಿಂಗ್‌ನಲ್ಲಿ ದಶಮಾನಕ್ಕೆ ಬದಲಾಯಿಸಿಕೊಳ್ಳಿ. ನೋಡಿಯಾದ ಮೇಲೆ ಪ್ರೋಗ್ರಾಮನ್ನು ಮುಚ್ಚಿಬಿಡಿ. ತೆರೆದೇ ಇಟ್ಟರೆ ಅದೇ ಆಗಾಗ ಹೋಗಿ ವಿಚಾರಿಸಿ ಮಲಗಿದ್ದ ಡಿಸ್ಕನ್ನು ಎಬ್ಬಿಸಬಹುದು. ಆಂಟಿವೈರಸ್ಸೂ, ವಿಂಡೋಸ್‌ನ ಹುಡುಕಾಟದ ಇಂಡೆಕ್ಸಿಂಗೂ ಎಬ್ಬಿಸುತ್ತವೆ.

ಇಷ್ಟಾದರೂ ಸರಿಹೋಗದಿದ್ದರೆ ಅಂಗಡಿಗೆ ತನ್ನಿ. ಆದರೆ ದಯವಿಟ್ಟು ಬರೀ ಡಿಸ್ಕ್ ತರಬೇಡಿ. ನೀವು ದಿನಾ ಹಾಕುವ ಅದೇ ಕೇಬಲ್ಲು, ಅದೇ ಅಡಾಪ್ಟರ್, ಹಬ್ಬಿದ್ದರೆ ಅದನ್ನೂ ಜೊತೆಗೆ ತನ್ನಿ. ನನ್ನ ಕೇಬಲ್ಲಿಗೆ ಹಾಕಿದರೆ ಡಿಸ್ಕ್ ಸೊಗಸಾಗಿ ಓಡುತ್ತೆ. ಆಗ ‘ಇಲ್ಲಿ ಸರಿಯಾಗೇ ಇದೆಯಲ್ಲ ಸಾರ್’ ಅಂತ ನೀವು ನನ್ನ ಮುಖ ನೋಡುತ್ತೀರಿ, ನಾನು ನಿಮ್ಮ ಮುಖ ನೋಡುತ್ತೇನೆ.