ಕ್ಲೈಮ್ ಇದ್ದವರಿಗೆ ದಾರಿ ತಡೆಯುವ ಹಕ್ಕು ಇದೆಯೇ?

ಪ್ರಶ್ನೆ: ಕೆನಡಾದ ಒಂಟಾರಿಯೊ ಪ್ರಾಂತ್ಯದ ‘ರಿಂಗ್ ಆಫ್ ಫೈರ್’ ಪ್ರದೇಶದಲ್ಲಿ ಕ್ರೋಮೈಟ್ (ಕ್ರೋಮಿಯಂ ಲೋಹದ ಅದಿರು) ಗಣಿ ಇನ್ನೂ ಆರಂಭವಾಗದಿರುವುದಕ್ಕೆ, ಪ್ರತಿಸ್ಪರ್ಧಿ ಕಂಪನಿಯೊಂದು ದಾರಿಯ ಜಾಗವನ್ನೆಲ್ಲ ಮೊದಲೇ ಕೊಂಡುಕೊಂಡು ಅಡ್ಡ ನಿಂತದ್ದೇ ಕಾರಣವೇ?

ಉತ್ತರ: ಈ ಪ್ರಶ್ನೆ ಎಷ್ಟೋ ರೂಪಗಳಲ್ಲಿ ನನಗೆ ಬಂದಿದೆ, ಮತ್ತು ಪ್ರತಿ ಸಲವೂ ಅದರೊಳಗೆ ‘ಕೊಂಡುಕೊಂಡು’ ಎಂಬ ಪದ ತಪ್ಪದೆ ಇರುತ್ತದೆ. ಆ ಪದವನ್ನು ಕಿತ್ತುಹಾಕದೆ ಮುಂದಿನದೇನೂ ಅರ್ಥವಾಗುವುದಿಲ್ಲ. ಆ ಕಂಪನಿ ಜಾಗವನ್ನು ಕೊಂಡಿರಲಿಲ್ಲ. ಅದರ ಬಳಿ ಇದ್ದದ್ದು ಕ್ಲೈಮ್‌ಗಳು, ಅಂದರೆ ಖನಿಜ ಹುಡುಕಲು ಗುರುತು ಹಾಕಿ ಪಡೆದ ಹಕ್ಕುಗಳು ಮಾತ್ರ.

ಮೊದಲು ನೆಲವನ್ನು ನೋಡೋಣ. ಥಂಡರ್ ಬೇ ನಗರದಿಂದ ಈಶಾನ್ಯಕ್ಕೆ ಸುಮಾರು 500 ಕಿ.ಮೀ. ದೂರದಲ್ಲಿರುವ ಈ ಪ್ರದೇಶ ಬಹುಪಾಲು ಜೌಗು. ಕೊಳೆತ ಪಾಚಿಯ ದಪ್ಪ ಪದರದ ಮೇಲೆ ಲಾರಿಯಿರಲಿ, ಮನುಷ್ಯನೇ ನಡೆಯುವುದು ಕಷ್ಟ. ಆದರೆ ಹಿಮಯುಗದಲ್ಲಿ ಹಿಮರಾಶಿಯ ಅಡಿ ಹರಿದ ತೊರೆಗಳು ಬಿಟ್ಟುಹೋದ ಮರಳು ಮತ್ತು ಜಲ್ಲಿಯ ಉದ್ದನೆಯ ದಿಣ್ಣೆಗಳು ಈ ಜೌಗಿನ ನಡುವೆ ಅಲ್ಲಲ್ಲಿ ತಲೆಯೆತ್ತಿವೆ. ಇವನ್ನು ಎಸ್ಕರ್ ಎನ್ನುತ್ತಾರೆ. ಒಣನೆಲವೂ ಅಲ್ಲಿಯೇ, ರಸ್ತೆಗೆ ಬೇಕಾದ ಜಲ್ಲಿಯೂ ಅಲ್ಲಿಯೇ. ಕೆಡಬ್ಲ್ಯುಜಿ ರಿಸೋರ್ಸಸ್ ಎಂಬ ಸಣ್ಣ ಕಂಪನಿ ತನ್ನ ಅಂಗಸಂಸ್ಥೆಯಾದ ಕೆನಡಾ ಕ್ರೋಮ್ ಮೂಲಕ 2009ರಲ್ಲಿ, ದಕ್ಷಿಣದ ರೈಲುಮಾರ್ಗದ ಕಡೆಗೆ ಸಾಗುವ ಈ ಎತ್ತರದ ನೆಲದುದ್ದಕ್ಕೂ 300 ಕಿ.ಮೀ.ಗೂ ಹೆಚ್ಚು ದೂರ ಕ್ಲೈಮ್ ಹಾಕಿತು. ಅದರ ಯೋಜನೆ ರೈಲು ಹಳಿ ಹಾಕುವುದು. 2010ರಲ್ಲಿ ಫ್ರೀವೆಸ್ಟ್ ಮತ್ತು ಸ್ಪೈಡರ್ ಕಂಪನಿಗಳನ್ನು ಕೊಂಡು ಬಂದ ಅಮೆರಿಕದ ಕ್ಲಿಫ್ಸ್ ನ್ಯಾಚುರಲ್ ರಿಸೋರ್ಸಸ್‌ಗೆ ಬೇಕಾದದ್ದು ಅದೇ ನೆಲದ ಮೇಲೆ ಲಾರಿ ರಸ್ತೆ. ವಿಶೇಷವೆಂದರೆ, ‘ಬಿಗ್ ಡ್ಯಾಡಿ’ ಎಂಬ ಅದಿರಿನ ನಿಕ್ಷೇಪದಲ್ಲಿ ಈ ಇಬ್ಬರೂ 70ಕ್ಕೆ 30ರ ಪಾಲುದಾರರೇ ಆಗಿದ್ದರು.

ಇನ್ನು ಕ್ಲೈಮ್ ಎಂದರೇನು? ಆ ಕಾಲದಲ್ಲಿ ಒಂಟಾರಿಯೊದಲ್ಲಿ ಕ್ಲೈಮ್ ಹಾಕುವವನು ಕಾಡಿಗೆ ಹೋಗಿ, ನಾಲ್ಕು ಮೂಲೆಗೂ ಮರದ ಗೂಟ ನಿಲ್ಲಿಸಿ, ಅದಕ್ಕೆ ಲೋಹದ ಬಿಲ್ಲೆ ಹೊಡೆದು, ಗಡಿಯ ಮರಗಳ ತೊಗಟೆ ಕೆತ್ತಿ ಗುರುತು ಮಾಡಬೇಕಿತ್ತು. 2018ರಿಂದ ಇದೆಲ್ಲ ಕಂಪ್ಯೂಟರಿನ ನಕ್ಷೆಯ ಮೇಲೆಯೇ ಆಗುತ್ತದೆ. ಆಗಿನ ಲೆಕ್ಕದಲ್ಲಿ ಒಂದು ಘಟಕವೆಂದರೆ 16 ಹೆಕ್ಟೇರ್, ಅಂದರೆ 400 ಮೀಟರ್ ಬದಿಯ ಚೌಕ. ಅದನ್ನು ಉಳಿಸಿಕೊಳ್ಳಲು ಪ್ರತಿ ಘಟಕಕ್ಕೆ ವರ್ಷಕ್ಕೆ 400 ಡಾಲರ್ ಮೌಲ್ಯದ ಶೋಧನೆಯ ಕೆಲಸ ಮಾಡಿ ತೋರಿಸಬೇಕು. ಇಷ್ಟಕ್ಕೆ ಪ್ರತಿಯಾಗಿ ಸಿಗುವುದು ನೆಲದ ಒಡೆತನವಲ್ಲ. ಗುತ್ತಿಗೆ ಸಿಗುವವರೆಗೆ ಕ್ಲೈಮ್‌ದಾರನು ಸರ್ಕಾರದ ಅನುಮತಿಯಿಂದ ಆ ನೆಲದ ಮೇಲೆ ಇರುವವನಷ್ಟೇ ಎಂದು ಪ್ರಾಂತ್ಯದ ಗಣಿ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅದೇ ಕಾಯ್ದೆ, ಖನಿಜ ಹುಡುಕಲು ಮತ್ತು ಗಣಿ ನಡೆಸಲು ನೆಲದ ಮೇಲ್ಮೈಯನ್ನು ಬಳಸುವುದರಲ್ಲಿ ಅವನಿಗೆ ನಂತರ ಬಂದವರಿಗಿಂತ ಆದ್ಯತೆಯನ್ನೂ ಕೊಡುತ್ತದೆ. ಆದ್ಯತೆ ಬೇರೆ, ಒಡೆತನ ಬೇರೆ. ಈ ದಾರಿಯ ಕುರಿತ ಇಡೀ ಮೊಕದ್ದಮೆ ನಡೆದದ್ದು ಈ ಎರಡರ ನಡುವಿನ ಅಂತರದಲ್ಲಿ ಎಂಬುದನ್ನು ದಯವಿಟ್ಟು ಗಮನಿಸಿ.

ಕ್ಲಿಫ್ಸ್ ಕಂಪನಿ ಆ ಕ್ಲೈಮ್‌ಗಳ ಮೇಲೆ ಹಾದುಹೋಗಲು ದಾರಿಹಕ್ಕು ಕೇಳಿತು, ಕೆನಡಾ ಕ್ರೋಮ್ ಸಮ್ಮತಿಸಲಿಲ್ಲ, 2013ರ ಸೆಪ್ಟೆಂಬರ್‌ನಲ್ಲಿ ಗಣಿ ಮತ್ತು ಭೂ ಆಯುಕ್ತರು ಕ್ಲಿಫ್ಸ್‌ನ ಅರ್ಜಿಯನ್ನು ತಳ್ಳಿಹಾಕಿದರು. ಅದೇ ನವೆಂಬರ್‌ನಲ್ಲಿ ಕ್ಲಿಫ್ಸ್ ಯೋಜನೆಯನ್ನೇ ನಿಲ್ಲಿಸಿತು. ಜನ ಈ ಎರಡು ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ತೀರ್ಮಾನಕ್ಕೆ ಬಂದುಬಿಡುತ್ತಾರೆ. ಮುಂದಿನ ಪುಟವನ್ನು ಯಾರೂ ತಿರುವುವುದಿಲ್ಲ. 2014ರ ಜುಲೈಯಲ್ಲಿ ಮೇಲಿನ ನ್ಯಾಯಾಲಯ ಆಯುಕ್ತರ ತೀರ್ಪನ್ನು ರದ್ದುಗೊಳಿಸಿತು. ಕ್ಲೈಮ್‌ದಾರರ ತಡೆಯೇ ನಿಜವಾದ ಅಡ್ಡಿಯಾಗಿದ್ದರೆ ಕ್ಲಿಫ್ಸ್ ಮರುದಿನವೇ ಹಿಂದಿರುಗಬೇಕಿತ್ತು. ಬದಲಾಗಿ, ನೂರಾರು ದಶಲಕ್ಷ ಡಾಲರ್ ಸುರಿದಿದ್ದ ಆ ಕಂಪನಿ 2015ರಲ್ಲಿ ಅಲ್ಲಿನ ತನ್ನ ಕ್ರೋಮೈಟ್ ಆಸ್ತಿಯನ್ನು ಕೇವಲ 27.5 ದಶಲಕ್ಷ ಅಮೆರಿಕನ್ ಡಾಲರ್‌ಗೆ ನೊರಾಂಟ್ ಕಂಪನಿಗೆ ಮಾರಿ ಹೊರಟುಹೋಯಿತು. ಪ್ರಾಂತ್ಯ ಸರ್ಕಾರ 2014ರಲ್ಲಿ ಸಾರಿಗೆಗೆಂದು 1 ಶತಕೋಟಿ ಡಾಲರ್ ಘೋಷಿಸಿತ್ತು. ಆದರೂ ಗಣಿಯವರೆಗೆ ಸರ್ವಋತು ರಸ್ತೆ ಬರಲಿಲ್ಲ. ಇಷ್ಟೆಲ್ಲ ದಾಖಲೆಯಲ್ಲಿರುವಾಗ ಒಂದು ಸಣ್ಣ ಕಂಪನಿಯ ಗೂಟಗಳನ್ನೇ ದೂರುವುದು ಸರಿಯಲ್ಲ. ಎಲ್ಲರಿಗೂ ಬೇಕಾದ ರಸ್ತೆಗೆ ಒಬ್ಬರೇ ಹಣ ಹಾಕಲು ಯಾರೂ ಸಿದ್ಧರಿರಲಿಲ್ಲ ಎಂಬುದು ಹೆಚ್ಚು ದೊಡ್ಡ ಕಾರಣ.

ಯಾರೂ ಕೇಳದಿದ್ದರೂ ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ಒಬ್ಬರು ಹಣ ಹಾಕಿ ದಾರಿ ಮಾಡಿದರೆ ಮತ್ತೊಬ್ಬರನ್ನು ಅದರ ಮೇಲೆ ಬಿಡಬೇಕೇ? ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಆಂಡ್ರ್ಯೂ ಫಾರೆಸ್ಟ್ ಅವರ ಫಾರ್ಟೆಸ್ಕ್ಯೂ ಕಂಪನಿ 2004ರಲ್ಲಿ ದೊಡ್ಡ ಗಣಿ ಕಂಪನಿ ಬಿಎಚ್‌ಪಿಯ ರೈಲು ಹಳಿಗಳನ್ನು ಬಳಸಲು ಅವಕಾಶ ಕೋರಿ ಅರ್ಜಿ ಹಾಕಿತು. ವ್ಯಾಜ್ಯ ಇನ್ನೂ ನಡೆಯುತ್ತಿರುವಾಗಲೇ ತನ್ನದೇ ಹಳಿ ಹಾಕಿಕೊಂಡು 2008ರಲ್ಲಿ ಅದಿರು ಸಾಗಿಸಲಾರಂಭಿಸಿತು. ಇನ್ನೊಂದು ಗಣಿ ಕಂಪನಿ ರಿಯೊ ಟಿಂಟೊದ ಹಳಿಗಳನ್ನೂ ಒಳಗೊಂಡ ಈ ಹೋರಾಟ 2012ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅದೇ ಫಾರೆಸ್ಟ್ ಅವರ ಖಾಸಗಿ ಕಂಪನಿ ವೈಲೂ, ಬಿಎಚ್‌ಪಿಯೊಂದಿಗೆ ಬೆಲೆಯ ಪೈಪೋಟಿಯಲ್ಲಿ ಗೆದ್ದು, 2022ರಲ್ಲಿ ನೊರಾಂಟ್ ಅನ್ನು ತನ್ನದಾಗಿಸಿಕೊಂಡಿತು. ದಾರಿಯಿಲ್ಲದ ಅದಿರಿನ ಕಷ್ಟ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಈಗ ರಸ್ತೆಯ ಮಾತು ಕಂಪನಿಗಳ ಕೈಯಲ್ಲಷ್ಟೇ ಇಲ್ಲ. ರಿಂಗ್ ಆಫ್ ಫೈರ್‌ನ ನೆಲ 1905ರಿಂದ 1930ರವರೆಗೆ ಸರ್ಕಾರ ಮತ್ತು ಮೂಲನಿವಾಸಿಗಳ ನಡುವೆ ಹಂತಹಂತವಾಗಿ ಸಹಿಯಾದ ಒಂಬತ್ತನೆಯ ಒಪ್ಪಂದದ ವ್ಯಾಪ್ತಿಯದು, ಇಲ್ಲಿನ ಮೂಲನಿವಾಸಿಗಳ ಒಪ್ಪಿಗೆಯನ್ನು ಬದಿಗಿಟ್ಟು ಯಾವ ನಕ್ಷೆಯೂ ಮುಂದೆ ಸಾಗುವುದಿಲ್ಲ. ವೆಬೆಕ್ವಿ ಮತ್ತು ಮಾರ್ಟನ್ ಫಾಲ್ಸ್ ಸಮುದಾಯಗಳು ರಸ್ತೆಯ ಪರಿಸರ ಅಧ್ಯಯನವನ್ನು ತಾವೇ ಮುಂದೆ ನಿಂತು ನಡೆಸಿವೆ. 1995ರಿಂದ ನೀರನ್ನು ಕುದಿಸಿ ಕುಡಿಯಬೇಕೆಂಬ ಎಚ್ಚರಿಕೆಯಡಿ ಬದುಕುತ್ತಿರುವ ನೆಸ್ಕಂಟಾಗಾ ಸಮುದಾಯ ವಿರೋಧಿಸುತ್ತಿದೆ. ವೆಬೆಕ್ವಿಗೆ ಇಂದಿಗೂ ವರ್ಷದ ಬಹುಕಾಲ ವಿಮಾನವೊಂದೇ ದಾರಿ. ಕೆರೆಗಳು, ಜೌಗು ಗಟ್ಟಿಯಾಗಿ ಹೆಪ್ಪುಗಟ್ಟಿದ ಕೆಲವು ವಾರಗಳಲ್ಲಿ ಮಾತ್ರ ಹಿಮದ ರಸ್ತೆಯ ಮೇಲೆ ಲಾರಿಗಳು ಬರುತ್ತವೆ, ಮತ್ತು ಚಳಿ ತಡವಾದ ವರ್ಷ ಆ ವಾರಗಳೂ ಕಡಿಮೆಯಾಗುತ್ತವೆ.